ಗಿ (ಜೂಡೊ ಉಡುಪು) ಇಲ್ಲದೆ ಜೂಡೊ ಆಡುವಾಗ ಕೈ ಎಲ್ಲಿಡಬೇಕು?

ಗಿ ಬಿಟ್ಟು ಟೀ ಶರ್ಟಲ್ಲಿ ಅಭ್ಯಾಸ ಮಾಡುವಾಗ ಮಣಿಕಟ್ಟು ಹಿಡಿಯಲು ಹೋಗಬೇಡಿ. ತೋಳಿನ ಬಟ್ಟೆ ಹಿಡಿಯುತ್ತಿದ್ದ ಕೈಯಿಂದ ಎದುರಾಳಿಯ ಮೊಣಕೈಗಿಂತ ಸ್ವಲ್ಪ ಮೇಲೆ, ಹಿಂಬದಿಯಿಂದ ಹಿಡಿಯಿರಿ. ಕಾಲರ್ ಹಿಡಿಯುತ್ತಿದ್ದ ಕೈಯನ್ನು ಅವರ ಕಂಕುಳ ಕೆಳಗೆ ತೂರಿಸಿ ಬೆನ್ನಿಗೆ ಒತ್ತಿ. ಬೆವರಿಗೆ ಕೈ ಜಾರಿಯೇ ಜಾರುತ್ತದೆ, ಆದರೆ ಮೊಣಕೈ ಮೂಳೆ ಅಗಲ ಅಲ್ವಾ, ಅಲ್ಲಿಗೆ ಬಂದು ನಿಲ್ಲುತ್ತದೆ. ಬಟ್ಟೆ ಇದ್ದರೆ ದೂರದಿಂದಲೇ ಎಳೆಯಬಹುದು, ಇಲ್ಲದಿದ್ದರೆ ಎದೆಗೆ ಎದೆ ತಾಗಬೇಕು. ಹಾಗಾಗಿ ಹತ್ತಿರ ನಿಂತು ಎಸೆಯುವ ಒ ಗೋಶಿ, ಹರಾಯ್ ಗೋಶಿ, ಉಚಿ ಮಾತಾ ಪಟ್ಟುಗಳೆಲ್ಲ ಈ ಹಿಡಿತದಲ್ಲಿ ಚೆನ್ನಾಗಿ ಕೂರುತ್ತವೆ. ಕಾಲು ಅಡ್ಡವಿಟ್ಟು ಬೀಳಿಸುವ ತಾಯ್ ಒಟೋಶಿ ಮಾತ್ರ ಕಷ್ಟ, ಅದಕ್ಕೆ ಇಬ್ಬರ ನಡುವೆ ಜಾಗ ಬೇಕು. ಕಾಲರ್ ಹಿಡಿದು ಎದುರಾಳಿಯನ್ನು ಹೆಗಲ ಮೇಲಿಂದ ಎಸೆಯುವ ಮೊರೊಟೆ ಸೆಯೊಯಿ ನಾಗೆಯನ್ನು ಸುಮ್ನೆ ಎಳೆದಾಡಬೇಡಿ, ಇಪ್ಪೋನ್ ಸೆಯೊಯಿ ನಾಗೆ ಮಾಡಿ. ಅದಕ್ಕೆ ಅವರ ತೋಳೇ ಸಾಕು. ಎದುರಾಳಿ ನಿಮಗಿಂತ ತುಂಬಾ ಎತ್ತರ ಇದ್ದು ಮೇಲಿನಿಂದ ನಿಮ್ಮ ಕೈಯನ್ನು ಬಿಗಿಯಾಗಿ ಸುತ್ತಿಕೊಂಡರೆ ಈ ಉಪಾಯ ನಡೆಯುವುದಿಲ್ಲ, ಕೈ ಬಿಡಿಸಿಕೊಂಡು ಮತ್ತೆ ಶುರು ಮಾಡಿ. ಇನ್ನೊಂದು ಮಾತು: ಗಿ ಇಲ್ಲದ ಕುಸ್ತಿಯಲ್ಲಿ ಕಾಲಿಗೆ ಕೈ ಹಾಕುವ ಅಭ್ಯಾಸ ಬೇಗ ಬರುತ್ತದೆ. ಜೂಡೊ ಸ್ಪರ್ಧೆಗಳಲ್ಲಿ 2010ರಿಂದಲೇ ಅದಕ್ಕೆ ಕಡಿವಾಣ ಬಿದ್ದಿದೆ, ಸ್ಪರ್ಧೆಗೆ ಹೋಗುವವರು ಜಾಸ್ತಿ ಹುಷಾರಾಗಿರಿ.