"ಅಮ್ಮಂಗೆ ಗೊತ್ತು ಮಿಸ್, ನಾನು ಹೇಳಿಲ್ಲ"

ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೋದಲ್ಲಿ ಒಂದು ಸರ್ಕಾರಿ ಕಾಲೇಜಿನ ಕೌನ್ಸೆಲರ್ ನಾನು. ಈ ಊರಲ್ಲಿ ನೂರಕ್ಕೆ 60ಕ್ಕೂ ಜಾಸ್ತಿ ಜನ ಲ್ಯಾಟಿನೋಗಳು, ಅಂದರೆ ಮೆಕ್ಸಿಕೋದಂಥ ಲ್ಯಾಟಿನ್ ಅಮೆರಿಕದ ದೇಶಗಳ ಮೂಲದವರು. ನನ್ನ ಹತ್ತಿರ ಬರುತ್ತಿದ್ದ ಹುಡುಗರಲ್ಲಿ ಹೆಚ್ಚಿನವರು ಅಪ್ಪ, ಅಮ್ಮ, ಅಜ್ಜಿ ಜೊತೆ ಮನೆಯಲ್ಲೇ ಇದ್ದು, ರಾತ್ರಿ ಕೆಲಸ ಮಾಡಿಕೊಂಡು ಓದುವವರು. ಹೆಸರು ಹಿಡಿದು ಕರೆಯೋಕೆ ಅವರಿಗೆ ಬಾಯಿ ಬರಲ್ಲ. "ಮಿಸ್" ಅಂತಾರೆ. ಹಾಸನದಲ್ಲಿ ನಾವು ಟೀಚರನ್ನು ಕರೆಯುತ್ತಿದ್ದ ಹಾಗೇ!

2017ರಲ್ಲಿ ಗೇ ಲ್ಯಾಟಿನೋ ಹುಡುಗರಿಗೆ ಅಂತ ಗುರುವಾರ ಸಂಜೆ ಒಂದು ಗುಂಪು ಶುರು ಮಾಡಿದೆ. ಹಿಂದಿನ ವರ್ಷ ಜೂನ್ 12ಕ್ಕೆ ಒರ್ಲ್ಯಾಂಡೋದ ಪಲ್ಸ್ ಅನ್ನೋ ಗೇ ಕ್ಲಬ್ಬಿನಲ್ಲಿ, ಲ್ಯಾಟಿನ್ ನೈಟ್ ದಿನವೇ, ಒಬ್ಬ ಗುಂಡು ಹಾರಿಸಿ 49 ಜನರನ್ನು ಕೊಂದಿದ್ದ. ಅದಾದ ಮೇಲೆ ನನ್ನೆದುರು ಕೂತ ಒಬ್ಬ ಹುಡುಗನಿಗೆ ಸಾಯುವ ಭಯಕ್ಕಿಂತ ಬೇರೆಯದೇ ಚಿಂತೆ ಇತ್ತು. "ನನ್ನ ವಿಷಯ ಅಮ್ಮಂಗೆ ಟಿವಿ ನೋಡಿ ಗೊತ್ತಾಗಬಾರದು ಮಿಸ್" ಅಂದ.

ಮೊದಲ ಎರಡು ವಾರ ಒಬ್ಬರೂ ಬರಲಿಲ್ಲ. ತಪ್ಪು ನನ್ನದೇ. ಬಾಗಿಲಿಗೆ ಕಾಮನಬಿಲ್ಲಿನ ದೊಡ್ಡ ಬೋರ್ಡು ಹಾಕಿದ್ದೆ, ಗೇ ಸಮುದಾಯದ ಗುರುತು ಅದು. ಎದುರಿನ ಆಫೀಸಿನಲ್ಲಿ ಯಾರದೋ ಚಿಕ್ಕಮ್ಮ ಕೆಲಸ ಮಾಡ್ತಾರೆ, ಅವರ ಕಣ್ಣೆದುರು ಯಾರು ಒಳಗೆ ಕಾಲಿಡ್ತಾರೆ? ಬೋರ್ಡು ಕಿತ್ತು, ಗುಂಪಿಗೆ 'ಸೊಬ್ರೆಮೆಸಾ' ಅಂತ ಹೆಸರಿಟ್ಟೆ. ಊಟ ಮುಗಿದ ಮೇಲೂ ಏಳದೆ ಕೂತು ಹರಟುವುದಕ್ಕೆ ಸ್ಪ್ಯಾನಿಷ್‌ನಲ್ಲಿ ಇರೋ ಪದ ಅದು. ನಮ್ಮಲ್ಲಿ ಎಂಜಲು ಕೈ ಒಣಗಿದರೂ ಮಾತು ಮುಗಿಯಲ್ವಲ್ಲ, ಅದೇ. ಮೇಜಿನ ಮೇಲೆ ಒಂದು ಡಬ್ಬಿ ಕೋಂಚಾ ಇಟ್ಟೆ, ಮೇಲೆ ಸಕ್ಕರೆ ಗೆರೆ ಇರೋ ಸಿಹಿ ಬನ್ನು. ಮೂರನೇ ವಾರ ನಾಲ್ಕು ಜನ ಬಂದರು.

ಎರಡನೇ ತಪ್ಪು ನನ್ನ ಫಾರಂ. ಮೊದಲ ಪ್ರಶ್ನೆಯೇ "ಮನೆಯಲ್ಲಿ ಹೇಳಿದ್ದೀರಾ? ಹೌದು / ಇಲ್ಲ." ಒಬ್ಬ ಎರಡಕ್ಕೂ ಟಿಕ್ ಹಾಕದೆ, ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಸಣ್ಣದಾಗಿ ಬರೆದಿದ್ದ: "ಅಮ್ಮಂಗೆ ಗೊತ್ತು ಮಿಸ್, ನಾನು ಹೇಳಿಲ್ಲ." ಹಾಗಾದರೆ ಯಾವಾಗ ಹೇಳ್ತೀಯಾ ಅಂತ ಕೇಳಿದೆ. ನಾನು ಕಲಿತ ಪಾಠದ ಪ್ರಕಾರ ಬಾಯಿಬಿಟ್ಟು ಹೇಳಿದರೇನೇ ಗಟ್ಟಿತನ. ಅವನು ನಕ್ಕ. "ಹುವಾನ್ ಗಾಬ್ರಿಯೆಲ್ ಗೊತ್ತಾ ಮಿಸ್?" ಗೊತ್ತಿರಲಿಲ್ಲ. ಮೆಕ್ಸಿಕೋದ ಮನೆಮನೆಯ ಗಾಯಕ. 2002ರಲ್ಲಿ ಟಿವಿಯವನೊಬ್ಬ ನೀವು ಗೇ ಅಂತಾರಲ್ಲ ಅಂತ ಕೇಳಿದಾಗ, ಕಣ್ಣಿಗೆ ಕಾಣೋದನ್ನ ಕೇಳಬಾರದು ಅಂದಿದ್ದ. ಇವನ ಅಜ್ಜಿಗೆ ಆ ಮಾತು ಬಾಯಿಪಾಠ. ಕ್ರಿಸ್ಮಸ್‌ಗೆ ತಮಾಲೆ (ಮೆಕ್ಕೆಜೋಳದ ಹಿಟ್ಟಿನ ಕಡುಬು) ಮಾಡುವಾಗ ಅಜ್ಜಿ "ನಿನ್ನ ಫ್ರೆಂಡ್‌ಗೂ ಒಂದು ಡಜನ್ ಎತ್ತಿಟ್ಟಿದೀನಿ" ಅಂತಾರಂತೆ. ಅಷ್ಟೇ.

ನನಗೆ ನಮ್ಮ ದೊಡ್ಡಮಾವ ನೆನಪಾದರು. ಮದುವೆ ಆಗಲಿಲ್ಲ, ಒಬ್ಬ ಸ್ನೇಹಿತರ ಜೊತೆ ಮೂವತ್ತು ವರ್ಷ ಒಂದೇ ಮನೆಯಲ್ಲಿದ್ದರು. ಲಗ್ನಪತ್ರಿಕೆ ಕೊಡುವಾಗ ಅಮ್ಮ ಕವರಿನ ಮೇಲೆ ಇಬ್ಬರ ಹೆಸರೂ ಬರೀತಿದ್ದಳು. ಯಾಕೆ ಅಂತ ಯಾರೂ ಕೇಳಲಿಲ್ಲ.

ಫಾರಂ ಬಿಸಾಕಿದೆ. ಬದಲಿಗೆ ಖಾಲಿ ಹಾಳೆ ಕೊಟ್ಟು, ಮನೆಯ ಊಟದ ಮೇಜಿನ ಚಿತ್ರ ಬರೆಯಿರಿ ಅಂದೆ. ಯಾರು ಎಲ್ಲಿ ಕೂರ್ತಾರೆ, ಯಾರ ಜೊತೆ ಯಾವ ಭಾಷೆ, ಯಾರಿಗೆ ಎಷ್ಟು ಗೊತ್ತು. ಒಬ್ಬ ಅಪ್ಪನ ಕುರ್ಚಿಯನ್ನು ಬಾಗಿಲ ಹತ್ತಿರ, ಬೆನ್ನು ಮಾಡಿ ಬರೆದ. ಅದರ ಬಗ್ಗೆಯೇ ಒಂದು ಗಂಟೆ ಮಾತು ನಡೆಯಿತು.

ಹಾಗಂತ ಮೌನವೇ ಚಂದ ಅಂತ ನಾನು ಹೇಳಲ್ಲ. ಒಬ್ಬನನ್ನು ಅಪ್ಪ ಮನೆಯಿಂದ ಹೊರಗೆ ಹಾಕಿದ, ಬಟ್ಟೆ ಕಸದ ಚೀಲದಲ್ಲಿತ್ತು. "ಅಗ್ವಾಂತಾ", ಅಂದರೆ ತಡ್ಕೋ, ಅಂತ ಅವನ ಅಮ್ಮ ಫೋನಿನಲ್ಲಿ ಅಳುತ್ತಿದ್ದಳು. ಅವನು ತಡ್ಕೊಂಡಿದ್ದನ್ನು ಹೊಗಳಿ ಏನು ಪ್ರಯೋಜನ? ಬೇಕಾಗಿದ್ದು ಕಾಗದಪತ್ರ. ಮದುವೆಯಾಗದವರು 24 ತುಂಬುವವರೆಗೆ ಸರ್ಕಾರದ ಫೀಸು ಸಹಾಯ ಕೇಳಬೇಕಾದರೆ ಸಾಮಾನ್ಯವಾಗಿ ಅಪ್ಪ ಅಮ್ಮನ ಆದಾಯ ತೋರಿಸಲೇಬೇಕು. ಮನೆ ಬಿಟ್ಟವನು ಎಲ್ಲಿಂದ ತರಬೇಕು? ಅದಕ್ಕೆ ವಿನಾಯಿತಿ ಕೊಡುವ ಅಧಿಕಾರ ಕಾಲೇಜಿಗಿದೆ. ಪರಿಸ್ಥಿತಿ ಗೊತ್ತಿರುವ ಮೂರನೆಯವರು ಬರೆದ ಪತ್ರ ತುಂಬಾ ಉಪಯೋಗಕ್ಕೆ ಬರುತ್ತೆ. ಮೂರು ಸಲ ತಿದ್ದಿ ಬರೆದೆ. ನನ್ನ ಯಾವ ಥೆರಪಿಗಿಂತಲೂ ಆ ಒಂದೂವರೆ ಪುಟ ಅವನನ್ನು ಓದಿನಲ್ಲಿ ಉಳಿಸಿತು.

2024ರ ಜನವರಿ 1ಕ್ಕೆ ಟೆಕ್ಸಾಸ್‌ನ ಎಸ್‌ಬಿ 17 ಕಾನೂನು ಜಾರಿಗೆ ಬಂತು. ಸರ್ಕಾರಿ ಕಾಲೇಜುಗಳಲ್ಲಿ ವೈವಿಧ್ಯ, ಸಮಾನತೆಗೆ ಅಂತಿದ್ದ ಆಫೀಸುಗಳು ಮುಚ್ಚಿದವು. ನಮ್ಮ ಗುರುವಾರದ ರೂಮೂ ಹೋಯಿತು. ಒಂದು ವಾರ ಸಿಟ್ಟಲ್ಲೇ ಇದ್ದೆ. ವಿದ್ಯಾರ್ಥಿಗಳದೇ ಸಂಘಗಳಿಗೆ ಆ ಕಾನೂನು ಅಡ್ಡಿ ಬರಲ್ಲ ಅಂತ ಓದಿ ತಿಳ್ಕೊಂಡಿದ್ದು ಹುಡುಗರೇ. ಈಗ ಅದು ಅವರ ಸಂಘ. ಸೇರೋದು ಒಂದು ಟಾಕೋ ಅಂಗಡಿಯ ಹಿಂದಿನ ಮೇಜಿನಲ್ಲಿ. ನನ್ನನ್ನು ಕರೆದಾಗ ಮಾತ್ರ ಹೋಗ್ತೀನಿ.

ಕಳೆದ ಸಲ ಚಿತ್ರಾನ್ನ ಒಯ್ದಿದ್ದೆ. ನಿಂಬೆಹಣ್ಣು, ಹಸಿಮೆಣಸಿನಕಾಯಿ, ಕಡಲೆಬೀಜ. ಇದೇನು ಅಂತ ಯಾರೂ ಕೇಳಲಿಲ್ಲ. ಒಬ್ಬ ಮಾತ್ರ ಇನ್ನೂ ಸ್ವಲ್ಪ ಖಾರ ಬೇಕಿತ್ತು ಮಿಸ್ ಅಂದ.