ಮಸಿ ಬಳಿಯದೆ ‘ಒಥೆಲೊ’ ಆಡುವುದು: ನಟರ ಆಯ್ಕೆ ಹೇಗಿರಬೇಕು?

ಶೇಕ್ಸ್‌ಪಿಯರ್‌ನ ‘ಒಥೆಲೊ’ ಆಡಲು ಹೊರಟ ತಂಡವು ಮೊದಲ ಓದಿಗೂ ಮುನ್ನವೇ, ಕಪ್ಪು ಜನಾಂಗದ ಆ ಸೇನಾಧಿಪತಿಯ ಪಾತ್ರವನ್ನು ಯಾರು ವಹಿಸಬೇಕೆಂದು ತೀರ್ಮಾನಿಸಬೇಕು. ತಂಡದ ಹಿರಿಯ ನಟರಿಗೆ ಪಾತ್ರ ಕೊಟ್ಟು, ಮೇಕಪ್‌ನವರಿಗೆ ಕಪ್ಪು ಬಣ್ಣ ತರಲು ಹೇಳುವ ಸುಲಭದ ದಾರಿಯನ್ನು ಹಿಡಿಯಬೇಡಿ.

ಕಾರಣವನ್ನು ಮೊದಲ ಸಭೆಯಲ್ಲಿಯೇ ವಿವರಿಸಿ. 1830ರ ದಶಕದಿಂದ ಅಮೆರಿಕದ ಮಿನ್‌ಸ್ಟ್ರೆಲ್ ಪ್ರದರ್ಶನಗಳಲ್ಲಿ ಬಿಳಿಯ ನಟರು ಸುಟ್ಟ ಬಿರಡೆಯ ಮಸಿಯನ್ನು ಮುಖಕ್ಕೆ ಬಳಿದುಕೊಂಡು, ಗುಲಾಮಗಿರಿಯಲ್ಲಿ ನರಳುತ್ತಿದ್ದವರನ್ನು ಸೋಮಾರಿಗಳೆಂದೂ ಪೆದ್ದರೆಂದೂ ಆಡಿ ತೋರಿಸಿ ಜನರನ್ನು ನಗಿಸುತ್ತಿದ್ದರು. ಬಿಬಿಸಿಯಲ್ಲಿ ಇದೇ ಬಗೆಯ ಕಾರ್ಯಕ್ರಮವೊಂದು 1978ರವರೆಗೂ ಪ್ರಸಾರವಾಯಿತು. ಇತ್ತ 1833ರಲ್ಲಿ ಲಂಡನ್ನಿನ ಕೊವೆಂಟ್ ಗಾರ್ಡನ್‌ನಲ್ಲಿ, ವೇದಿಕೆಯ ಮೇಲೆಯೇ ಕುಸಿದ ಎಡ್ಮಂಡ್ ಕೀನ್ ಅವರ ಬದಲಿಗೆ ಒಥೆಲೊ ಆಗಿ ಬಂದ ಕಪ್ಪು ನಟ ಐರಾ ಆಲ್ಡ್ರಿಜ್ ಅವರನ್ನು ಪತ್ರಿಕೆಗಳು ಬಣ್ಣದ ಕಾರಣಕ್ಕೇ ಹಳಿದವು. ಅಲ್ಲಿ ಅವರಿಗೆ ದಕ್ಕಿದ್ದು ಎರಡೇ ಪ್ರದರ್ಶನ. 1943ರಲ್ಲಿ ಆರಂಭವಾದ ಕಪ್ಪು ನಟ ಪಾಲ್ ರೋಬ್ಸನ್ ಅವರ ‘ಒಥೆಲೊ’ ಬ್ರಾಡ್‌ವೇಯಲ್ಲಿ 296 ಪ್ರದರ್ಶನ ಕಂಡಿತು. ಅದಾದ ಮೇಲೂ, 1964ರಲ್ಲಿ ಬಿಳಿಯ ನಟ ಲಾರೆನ್ಸ್ ಒಲಿವಿಯೆ ಮೈಗೆಲ್ಲ ಕಪ್ಪು ಬಳಿದುಕೊಂಡೇ ರಂಗಕ್ಕೆ ಬಂದರು. ಅರ್ಹ ನಟರು ಇರಲಿಲ್ಲ ಎಂಬ ಸಮರ್ಥನೆಗೆ ಈ ಇತಿಹಾಸದಲ್ಲಿ ಆಧಾರವಿಲ್ಲ.

ಯಕ್ಷಗಾನದಲ್ಲಿ ಬಣ್ಣ ಹಚ್ಚುವುದಿಲ್ಲವೇ ಎಂದು ಯಾರಾದರೂ ಕೇಳಬಹುದು. ಬಣ್ಣದ ವೇಷದಲ್ಲಿ ಕಾಣುವುದು ರಾಕ್ಷಸನ ಕಲ್ಪಿತ ಮುಖ. ಅದು ನಮ್ಮ ನಡುವೆ ಬದುಕಿರುವ ಒಂದು ಜನಾಂಗದ ಚರ್ಮದ ಅನುಕರಣೆಯಲ್ಲ. ಮುಖಕ್ಕೆ ಮಸಿ ಬಳಿಯುವುದೆಂದರೆ ಅವಮಾನಿಸುವುದು ಎಂಬ ಅರ್ಥ ಕನ್ನಡದಲ್ಲಿಯೇ ಇದೆಯಲ್ಲ!

ಆಯ್ಕೆಯ ಪ್ರಕಟಣೆಯಲ್ಲಿ ಆಫ್ರಿಕನ್ ಮೂಲದ ನಟರಿಗೆ ಆಹ್ವಾನವಿದೆಯೆಂದು ಸ್ಪಷ್ಟವಾಗಿ ಬರೆಯಿರಿ ಮತ್ತು ಅದು ನಿಮ್ಮ ಪರಿಚಯದ ವಲಯದಾಚೆಗೂ ತಲುಪುವಂತೆ ನೋಡಿಕೊಳ್ಳಿ. ಕರ್ನಾಟಕದಲ್ಲಿ ಆಫ್ರಿಕನ್ ಮೂಲದ, ಉತ್ತರ ಕನ್ನಡದ ಸಿದ್ದಿ ಸಮುದಾಯದಿಂದ ಬಂದು ಹೆಗ್ಗೋಡಿನ ನೀನಾಸಮ್‌ನಲ್ಲಿ ಕಲಿತ ಕಲಾವಿದರಿದ್ದಾರೆ. ಅವರನ್ನು ಈ ಒಂದು ಪಾತ್ರಕ್ಕೆ ಮಾತ್ರ ನೆನೆಯುವುದು ಇನ್ನೊಂದು ಬಗೆಯ ತಾರತಮ್ಯವೇ ಆಗುತ್ತದೆ. ಎಲ್ಲ ಪಾತ್ರಗಳಿಗೂ ಪರಿಗಣಿಸಿ. 2015ರಲ್ಲಿ ರಾಯಲ್ ಶೇಕ್ಸ್‌ಪಿಯರ್ ಕಂಪನಿಯು ಒಥೆಲೊ ಮತ್ತು ಅವನ ವಿರುದ್ಧ ಸಂಚು ಹೂಡುವ ಇಯಾಗೊ, ಈ ಎರಡೂ ಪಾತ್ರಗಳನ್ನು ಕಪ್ಪು ನಟರಿಗೆ ಕೊಟ್ಟಿತು. ಇಯಾಗೊನ ದ್ವೇಷಕ್ಕೆ ಅದರಿಂದ ಬೇರೆಯೇ ಅರ್ಥ ಬಂದಿತು.

ನಟರು ದೊರೆಯದಿದ್ದರೂ ಬಣ್ಣದ ಡಬ್ಬಿಯನ್ನು ತೆರೆಯಬೇಕಿಲ್ಲ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾ 2015ರಲ್ಲಿ ಇದೇ ಕಥೆಯ ಸಂಗೀತ ನಾಟಕ ‘ಒಟೆಲ್ಲೊ’ದಲ್ಲಿ ಕಪ್ಪು ಮೇಕಪ್ಪನ್ನು ಕೈಬಿಟ್ಟಿತು. 1997ರಲ್ಲಿ ವಾಷಿಂಗ್ಟನ್ನಿನಲ್ಲಿ ಬಿಳಿಯ ನಟ ಪ್ಯಾಟ್ರಿಕ್ ಸ್ಟೂವರ್ಟ್ ಬಣ್ಣವಿಲ್ಲದೆ ಒಥೆಲೊ ಆದರು, ಸುತ್ತಲಿನ ಪಾತ್ರಗಳಲ್ಲಿ ಬಹುಪಾಲನ್ನು ಕಪ್ಪು ನಟರು ವಹಿಸಿದರು. 19ನೇ ಶತಮಾನದಲ್ಲಿ ಬಸವಪ್ಪ ಶಾಸ್ತ್ರಿಗಳು ‘ಶೂರಸೇನ ಚರಿತ್ರೆ’ಯಲ್ಲಿ ಮಾಡಿದಂತೆ ಕಥೆಯನ್ನೇ ಕನ್ನಡಕ್ಕೆ ಒಗ್ಗಿಸಿಕೊಳ್ಳುವ ದಾರಿಯೂ ಇದೆ.

ತಾಲೀಮಿನ ಮೊದಲ ವಾರದಲ್ಲಿಯೇ, ಒಥೆಲೊನನ್ನು ಮುದಿ ಕಪ್ಪು ಟಗರೆಂದು ಇಯಾಗೊ ಹಳಿಯುವಂಥ ಮಾತುಗಳನ್ನು ಗುರುತಿಸಿ, ಅವನ್ನು ಪ್ರತಿ ರಾತ್ರಿ ಕೇಳಬೇಕಾದ ನಟರೊಂದಿಗೆ ಕುಳಿತು ಚರ್ಚಿಸಿ, ಅವರ ಅಭಿಪ್ರಾಯ ಪಡೆದ ನಂತರವೇ ಆ ದೃಶ್ಯಗಳ ಚಲನೆಯನ್ನು ನಿರ್ಧರಿಸಿ.