ಬೋಟ್ ಹತ್ತಿದ ಮೇಲೆ ಮೊದಲು ಆಕ್ಸಿಜನ್ ಪೆಟ್ಟಿಗೆ

ಸ್ಕೂಬಾ, ಅಂದರೆ ಗಾಳಿಯ ಟ್ಯಾಂಕ್ ಹೊತ್ತು ಸಮುದ್ರದೊಳಗೆ ಇಳಿಯಲು ಹೋಗುವ ಬೋಟ್ ಹತ್ತಿದವರು ಮೊದಲು ಒಳ್ಳೇ ಜಾಗ ನೋಡಿ ಬ್ಯಾಗ್ ಇಡುತ್ತಾರೆ. ನಾನು ಆಕ್ಸಿಜನ್ ಪೆಟ್ಟಿಗೆ ಎಲ್ಲಿ ಅಂತ ಕೇಳುತ್ತೇನೆ. "ಇದೆ" ಅಂದರೆ ಸಾಲದು, ತೆಗೆದು ತೋರಿಸಿ ಅನ್ನುತ್ತೇನೆ. ವಾಲ್ವ್ ತಿರುಗಿಸಿ ಒತ್ತಡದ ಮೀಟರಿನ ಮುಳ್ಳು ಎಲ್ಲಿ ನಿಲ್ಲುತ್ತದೆ, ಮಾಸ್ಕ್, ಪೈಪ್ ಜೊತೆಗೇ ಇವೆಯಾ ಅಂತ ನೋಡುತ್ತೇನೆ. ಆಮೇಲೆ ಒಂದು ಸಣ್ಣ ಲೆಕ್ಕ. 2 ಲೀಟರ್ ಸಿಲಿಂಡರನ್ನು 200 ಬಾರ್ ಒತ್ತಡಕ್ಕೆ ತುಂಬಿಸಿದ್ದರೆ ಒಳಗಿರುವುದು ಸುಮಾರು 400 ಲೀಟರ್ ಆಕ್ಸಿಜನ್. ನಿಮಿಷಕ್ಕೆ 15 ಲೀಟರ್‌ನಂತೆ ಕೊಟ್ಟರೆ ಅರ್ಧ ಗಂಟೆಯೂ ಬರಲ್ಲ. ದಡ ಸೇರಲು ಒಂದು ಗಂಟೆ ಬೇಕಾದ ಕಡೆ ಅಂಥದ್ದು ಒಂದೇ ಇದ್ದರೆ ಏನು ಪ್ರಯೋಜನ? ಡಿಕಂಪ್ರೆಷನ್ ಕಾಯಿಲೆಯ (ಆಳದಿಂದ ಮೇಲೆ ಬಂದಾಗ ಮೈಯೊಳಗೆ ಗಾಳಿಗುಳ್ಳೆ ಆಗುವುದು) ಅನುಮಾನ ಬಂದರೆ ಬೋಟಿನಲ್ಲೇ ಕೊಡಬಹುದಾದ ಮುಖ್ಯ ಚಿಕಿತ್ಸೆ ಇದೊಂದೇ. ಒಂದು ಬೋಟಿನಲ್ಲಿ ಪೆಟ್ಟಿಗೆಗೆ ಬೀಗ ಹಾಕಿತ್ತು, ಕೀಲಿ ದಡದಲ್ಲೇ ಉಳಿದಿತ್ತು. ಅವತ್ತು ನಾನು ಇಳಿದುಬಿಟ್ಟೆ.

ಎರಡನೆಯದು ತಲೆ ಎಣಿಕೆ. 1998ರ ಜನವರಿಯಲ್ಲಿ ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ಗಂಡ ಹೆಂಡತಿ ಇಬ್ಬರನ್ನು ನೀರಲ್ಲೇ ಬಿಟ್ಟು ಬೋಟ್ ವಾಪಸ್ ಬಂದಿತ್ತು. ಅವರಿಲ್ಲ ಅಂತ ಗೊತ್ತಾಗಿದ್ದು ಎರಡು ದಿನ ಕಳೆದ ಮೇಲೆ. ಬೆರಳು ತೋರಿಸಿ ಒಂದು, ಎರಡು ಅಂತ ಎಣಿಸುವುದನ್ನು ನಾನು ನಂಬುವುದಿಲ್ಲ. ಎಣಿಸುವಾಗ ಜನ ಓಡಾಡುತ್ತಿರುತ್ತಾರೆ, ಒಬ್ಬರನ್ನೇ ಎರಡು ಸಲ ಲೆಕ್ಕ ಹಿಡಿಯುವುದು ಬಹಳ ಸುಲಭ. ಹೆಸರು ಕೂಗಬೇಕು, ಆ ಮನುಷ್ಯನೇ "ಇದ್ದೀನಿ" ಅನ್ನಬೇಕು. ಪಕ್ಕದವರು "ಟಾಯ್ಲೆಟ್‌ನಲ್ಲಿದ್ದಾರೆ" ಅಂದರೆ ಹೊರಬರುವ ತನಕ ಕಾಯಬೇಕು. ಹೀಗೆ ಮಾಡುವ ಸಿಬ್ಬಂದಿ ಮೇಲೆ ನನಗೆ ತುಂಬಾ ಗೌರವ.

ರಾತ್ರಿ ಬೋಟಿನಲ್ಲೇ ಮಲಗುವುದಾದರೆ ಇನ್ನೂ ಜಾಸ್ತಿ ನೋಡುತ್ತೇನೆ. 2019ರ ಸೆಪ್ಟೆಂಬರ್ 2ರಂದು ಕ್ಯಾಲಿಫೋರ್ನಿಯಾದ ಹತ್ತಿರ ಕನ್ಸೆಪ್ಷನ್ ಅನ್ನುವ ಡೈವ್ ಬೋಟ್ ಹೊತ್ತಿಕೊಂಡು, ಕೆಳಗೆ ಮಲಗಿದ್ದ 34 ಜನ ಸತ್ತರು. ಮೇಲೆ ಬರಲು ಎರಡು ದಾರಿ ಇದ್ದವು. ಆದರೆ ಎರಡೂ ತೆರೆದುಕೊಳ್ಳುತ್ತಿದ್ದುದು ಬೆಂಕಿ ಇದ್ದ ಹಾಲ್‌ಗೇ. ರಾತ್ರಿ ಓಡಾಡಿ ಕಾವಲು ಕಾಯುವವರೂ ಇರಲಿಲ್ಲ. ಅದಕ್ಕೇ ಎರಡನೇ ದಾರಿ ಬೇರೆ ಕಡೆ ತೆರೆಯುತ್ತದಾ ಅಂತ ನಾನೇ ಹತ್ತಿ ನೋಡುತ್ತೇನೆ. ಕಣ್ಣು ಮುಚ್ಚಿಕೊಂಡು ಹಾಸಿಗೆಯಿಂದ ಅಲ್ಲಿಗೆ ತಡಕಾಡಿ ಹೋಗುತ್ತೇನೆ, ಮುಚ್ಚಳವನ್ನು ಒಬ್ಬನೇ ಎತ್ತಲು ಆಗುತ್ತದಾ ನೋಡುತ್ತೇನೆ. ರಾತ್ರಿ ಯಾರು ಎಚ್ಚರ ಇರುತ್ತಾರೆ, ಟಾರ್ಚ್ ಮತ್ತು ಕ್ಯಾಮೆರಾ ಬ್ಯಾಟರಿ ಎಲ್ಲಿ ಚಾರ್ಜ್ ಮಾಡುತ್ತಾರೆ, ಇದನ್ನೂ ಕೇಳುತ್ತೇನೆ.

ಲೈಫ್ ಜಾಕೆಟ್, ರೇಡಿಯೋ, ಬೆಂಕಿ ಆರಿಸುವ ಸಿಲಿಂಡರ್ ಬಹುಪಾಲು ಬೋಟುಗಳಲ್ಲಿ ಇರುತ್ತವೆ, ಒಂದು ಸುತ್ತು ಹೊಡೆದರೆ ಕಾಣುತ್ತವೆ.

ಅನುಕೂಲದ ಮಾತು ಬಂದಾಗ "ಅಷ್ಟೊಂದು ಯಾಕೆ" ಅನ್ನುವವರಿದ್ದಾರೆ. ಆದರೆ ಟಾಯ್ಲೆಟ್ ಗಲೀಜಾಗಿದ್ದರೆ ಜನ ನೀರು ಕುಡಿಯುವುದನ್ನೇ ಬಿಡುತ್ತಾರೆ, ಒಣಗಿದ ಮೈಯಲ್ಲೇ ಡೈವ್‌ಗೆ ಇಳಿಯುತ್ತಾರೆ. ಎಂಜಿನ್ ಹೊಗೆ ಕೂರುವ ಕಡೆಗೇ ಬಂದರೆ ಹೊಟ್ಟೆ ತೊಳಸುತ್ತದೆ. ನೆರಳಿಲ್ಲದೆ ವೆಟ್‌ಸೂಟ್‌ನಲ್ಲಿ (ಮೈಗೆ ಅಂಟುವ ದಪ್ಪ ರಬ್ಬರ್ ಉಡುಪು) ಕಾದವರು ನೀರಿಗಿಳಿಯುವ ಮುಂಚೆಯೇ ಸುಸ್ತಾಗಿರುತ್ತಾರೆ. ಇದೆಲ್ಲ ಸುರಕ್ಷತೆಯೇ ಅಲ್ವಾ?

ಕೊನೆಗೆ ಏಣಿ. ಕೆಳಗಿನ ಮೆಟ್ಟಿಲು ನೀರಿನೊಳಗೆ ಸಾಕಷ್ಟು ಇಳಿದಿರಬೇಕು, ಇಲ್ಲದಿದ್ದರೆ ಟ್ಯಾಂಕ್ ಹೊತ್ತು ಹತ್ತುವವರು ಪೂರ್ತಿ ತೋಳಿನ ಬಲದಲ್ಲೇ ಏರಬೇಕಾಗುತ್ತದೆ. ಜನ ಏಣಿ ಹತ್ತಿರ ಬರುವ ಮುಂಚೆಯೇ ಪ್ರೊಪೆಲ್ಲರ್ ನಿಂತಿರಬೇಕು. ಮೊದಲ ಗುಂಪು ಮೇಲೆ ಬರುವಾಗ ಕ್ಯಾಪ್ಟನ್ ಹಿಂದೆ ತಿರುಗಿ ನೋಡುತ್ತಾರಾ ಅಂತ ಗಮನಿಸಿಯೇ ಆ ಬೋಟಿನಲ್ಲಿ ಎರಡನೇ ಡೈವ್ ಮಾಡಬೇಕೋ ಬೇಡವೋ ತೀರ್ಮಾನಿಸುತ್ತೇನೆ.